ಕೊಳೆ ಬಂದ ಅಡಿಕೆಯ ಪ್ರೋಟೀನಿನಲ್ಲಿ ಏನು ಹುಡುಕುತ್ತಾರೆ?

ಪ್ರಶ್ನೆ (ಪೆರ್ಲದ ಕೃಷಿಕರು): ಮೇಡಂ, ನಮಸ್ಕಾರ. ಅಣ್ಣನ ಮಗಳು ಎಂಎಸ್ಸಿ ಪ್ರಾಜೆಕ್ಟಿಗೆಂದು ನಮ್ಮ ತೋಟದಿಂದ ಕೊಳೆ ಬಂದ ಅಡಿಕೆ ಕೊಂಡುಹೋಗಿದ್ದಾಳೆ. ಫಂಗಸ್ಸಿನ ಪ್ರೋಟೀನ್ ಪರೀಕ್ಷೆಯಂತೆ. ಮಹಾಳಿ, ಅಂದರೆ ಕೊಳೆರೋಗ, ಅಂತ ನಮಗೇ ಗೊತ್ತುಂಟು, ಖಾತ್ರಿ ಬೇಕಾದರೆ ಡಿಎನ್‌ಎ ಪರೀಕ್ಷೆ ಉಂಟು. ಪ್ರೋಟೀನಿನಲ್ಲಿ ಇನ್ನೆಂತ ಸಿಗುವುದು?

ಉತ್ತರ (ಸಸ್ಯರೋಗ ತಜ್ಞೆ): ನಮಸ್ಕಾರ ಅಣ್ಣ. ಡಿಎನ್‌ಎಯಿಂದ ರೋಗಾಣು ಯಾವುದೆಂದು ತಿಳಿಯುತ್ತದೆ. ಅದು ಆ ಹೊತ್ತಿಗೆ ಏನು ಮಾಡುತ್ತಿದೆ ಎಂಬುದು ಪ್ರೋಟೀನಿನಲ್ಲಿದೆ. ಕೊಳೆ ತರುವ ಫೈಟಾಫ್ತೊರಾ ಮೀಡಿಯೈ ಮಳೆನೀರಿನಲ್ಲಿ ಈಜುವ ಬೀಜಕಣವಾಗಿದ್ದಾಗಲೂ ಅಡಿಕೆಯೊಳಗೆ ಎಳೆಯಾಗಿ ಹಬ್ಬಿದಾಗಲೂ ಡಿಎನ್‌ಎ ಒಂದೇ. ಪ್ರೋಟೀನುಗಳು ಮಾತ್ರ ಬೇರೆ. ಈಜುವಾಗ ಬಾಲ ಆಡಿಸುವಂಥವು, ಅಂಟಿಕೊಂಡ ಮೇಲೆ ಜೀವಕೋಶದ ಗೋಡೆ ಕರಗಿಸುವ ಕಿಣ್ವಗಳು. ಗಿಡದ ಪ್ರತಿರೋಧವನ್ನು ಅಡಗಿಸಲೆಂದೇ ಹೊರಬಿಡುವ ಪ್ರೋಟೀನುಗಳೂ ಇವೆ, ಸಂಶೋಧಕರ ಕಣ್ಣು ಹೆಚ್ಚಾಗಿ ಅವುಗಳ ಮೇಲೆಯೇ.

ಪ್ರೋಟೀನನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡು ಮಾಡಿ, ತುಂಡುಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಗಿ, ಜೀನೋಮ್, ಅಂದರೆ ರೋಗಾಣುವಿನ ಪೂರ್ತಿ ಡಿಎನ್‌ಎ, ಮಾಹಿತಿಯೊಂದಿಗೆ ತಾಳೆ ನೋಡುತ್ತಾರೆ. ಯಂತ್ರದ ಕೆಲಸ ಸುಲಭ. ಕಷ್ಟವೆಲ್ಲ ಅಡಿಕೆಯದ್ದೇ! ಅದರ ಟ್ಯಾನಿನ್ ಪ್ರೋಟೀನಿಗೆ ಅಂಟಿಬಿಡುತ್ತದೆ. ಬಾಯಿಗೆ ಒಗರಾಗುವುದೂ ಹಾಗೆಯೇ, ಟ್ಯಾನಿನ್ ಎಂಜಲಿನ ಪ್ರೋಟೀನನ್ನು ಹಿಡಿಯುವುದರಿಂದ. ಮೊದಲು ಅದನ್ನು ತೆಗೆಯಬೇಕು. ಸಿಗುವ ಪ್ರೋಟೀನಿನಲ್ಲೂ ಹೆಚ್ಚಿನ ಪಾಲು ಅಡಿಕೆಯದ್ದೇ. ಹಾಗಾಗಿ ರೋಗಾಣುವನ್ನು ಪ್ರತ್ಯೇಕವಾಗಿ ತಟ್ಟೆಯಲ್ಲಿ ಬೆಳೆಸಿ ಹೋಲಿಸಿ ನೋಡುತ್ತಾರೆ.

ಪ್ರಶ್ನೆ (ಬದಿಯಡ್ಕದಿಂದ): ಎಲೆಚುಕ್ಕಿಗೆ ಪ್ರೊಪಿಕೊನಜೋಲ್ ಮದ್ದು ಸಿಂಪಡಿಸಿದ್ದೇವೆ. ಎರಡೂ ಫಂಗಸ್ಸೇ ಅಲ್ಲವಾ, ಕೊಳೆಗೂ ಅದೇ ಸಾಕಲ್ಲ?

ಉತ್ತರ: ಸಾಲದು. ಇಂಥ ಮದ್ದು ಏಟು ಹಾಕುವುದು ಒಂದು ಪ್ರೋಟೀನಿಗೆ, ಆ ಪ್ರೋಟೀನು ಆ ರೋಗಾಣುವಿನಲ್ಲಿ ಇರಬೇಕಲ್ಲ? ಪ್ರೊಪಿಕೊನಜೋಲ್ ತಡೆಯುವುದು ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ತಯಾರಿಸುವ ಕಿಣ್ವವನ್ನು. ಎಲೆಚುಕ್ಕಿಯ ಕೊಲೆಟೋಟ್ರೈಕಮ್ ನಿಜವಾದ ಶಿಲೀಂಧ್ರ, ಅದಕ್ಕೆ ಏಟು ಬೀಳುತ್ತದೆ. ಫೈಟಾಫ್ತೊರಾ ಶಿಲೀಂಧ್ರದಂತೆ ಕಂಡರೂ ಕಂದು ಪಾಚಿಗಳ ಬಳಗದ್ದು, ಎರ್ಗೋಸ್ಟೆರಾಲ್ ತಯಾರಿಸುವುದೇ ಇಲ್ಲ. ಅದರ ಗೋಡೆಯಲ್ಲಿರುವುದು ಸೆಲ್ಯುಲೋಸ್. ಮ್ಯಾಂಡಿಪ್ರೊಪಮಿಡ್ ಎಂಬ ಮದ್ದು ಆ ಸೆಲ್ಯುಲೋಸ್ ಕಟ್ಟುವ ಕಿಣ್ವವನ್ನು ನಿಲ್ಲಿಸುವುದರಿಂದ ಕೊಳೆಗೆ ಆಗುತ್ತದೆ, ಎಲೆಚುಕ್ಕಿಗೆ ಆಗುವುದಿಲ್ಲ.

ಆದರೆ ಅದನ್ನೇ ಪದೇ ಪದೇ ಸಿಂಪಡಿಸಬೇಡಿ. ದ್ರಾಕ್ಷಿಯ ಬೂಜುರೋಗದ ರೋಗಾಣುವೂ ಇದೇ ಬಳಗದ್ದು, ಅದರಲ್ಲಿ ಆ ಕಿಣ್ವದ ಒಂದೇ ಅಮೈನೋ ಆಮ್ಲ ಬದಲಾಗಿ ಮದ್ದು ಹಿಡಿಯದಂತಾಗಿದೆ. ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣದ ತಾಮ್ರ ಒಟ್ಟಿಗೇ ಹಲವು ಪ್ರೋಟೀನುಗಳನ್ನು ಕೆಡಿಸುತ್ತದೆ, ತಪ್ಪಿಸಿಕೊಳ್ಳುವುದು ಸುಲಭವಲ್ಲ. ಮೈಸೂರಿನಲ್ಲಿ ಕೃಷಿ ವಿಜ್ಞಾನಿ ಕೋಲ್ಮನ್ 1910ರ ಹೊತ್ತಿಗೆ ಕೊಳೆರೋಗದ ಅಧ್ಯಯನ ಮಾಡಿದ ಕಾಲದಿಂದ ಇಂದಿನವರೆಗೂ ಮೈಲುತುತ್ತು ತೋಟ ಬಿಟ್ಟುಹೋಗದಿರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಲೆಕ್ಕ.

ಪ್ರಶ್ನೆ (ಪೆರ್ಲದ ಕೃಷಿಕರು): ಹಾಗಾದರೆ ಮಗಳ ಪರೀಕ್ಷೆಯಿಂದ ಈ ಸಲ ನಮಗೇನಾದರೂ ಉಪಕಾರ?

ಉತ್ತರ: ಈ ಮಳೆಗಾಲಕ್ಕೆ ಏನೂ ಇಲ್ಲ. ಬೋರ್ಡೋವನ್ನೇ ಸಿಂಪಡಿಸಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲೊಮ್ಮೆ, 40-45 ದಿನ ಕಳೆದು ಬಿಸಿಲು ಕಂಡಾಗ ಇನ್ನೊಮ್ಮೆ. ಮಗಳಿಗೆ ಮಾತ್ರ ಒಂದು ಮಾತು ಹೇಳಿ: ಉದುರಿ ಬಿಳಿ ಬೂಸ್ಟು ಹಿಡಿದ ಅಡಿಕೆ ಬೇಡ, ಅದರಲ್ಲಿ ಬೇರೆ ಸೂಕ್ಷ್ಮಜೀವಿಗಳೂ ಸೇರಿರುತ್ತವೆ. ಗೊನೆಯಲ್ಲೇ ಇರುವ, ತೊಟ್ಟಿನ ಹತ್ತಿರ ನೀರು ಹಿಡಿದಂಥ ಕಲೆ ಈಗಷ್ಟೇ ಶುರುವಾದದ್ದನ್ನು ಕೊಯ್ಯಿಸಿ, ಐಸಿನಲ್ಲಿಟ್ಟು ಅದೇ ದಿನ ಲ್ಯಾಬಿಗೆ ಮುಟ್ಟಿಸಲಿ.