ಪಿಎಚ್‌ಪಿಮೈಅಡ್ಮಿನ್‌ನಲ್ಲಿ ? ಹಾಕಿದರೆ 1064 ಎರರ್, ಏನು ಮಾಡಲಿ?

ಲೈಬ್ರರಿ ಟೀಚರ್, ಬಂಟ್ವಾಳ:
ನಮಸ್ಕಾರ. ನಮ್ಮ ಶಾಲೆಯ ಲೈಬ್ರರಿ ಲೆಕ್ಕ ನೋಡಿಕೊಳ್ಳುವುದು ನಾನು. ಯಾವ ಮಗು ಯಾವ ಪುಸ್ತಕ ಒಯ್ದಿದೆ ಅನ್ನುವುದೆಲ್ಲ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿದೆ. ಎಂಟ್ರಿ ಪೇಜನ್ನು ಹಳೇ ವಿದ್ಯಾರ್ಥಿಯೊಬ್ಬ ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟಿದ್ದಾನೆ. ಅವನ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೊಡುವ ಆದೇಶದಲ್ಲಿ) ಮಗುವಿನ ಹೆಸರು ಬರಬೇಕಾದ ಕಡೆ ಬರೀ ? ಇದೆ. ಅಲ್ಲಿ ಚೆನ್ನಾಗಿ ಓಡುತ್ತದೆ. ಅದನ್ನೇ ಕಾಪಿ ಮಾಡಿ, ಬ್ರೌಸರ್‌ನಲ್ಲೇ ಡೇಟಾಬೇಸ್ ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್‌ನ ಎಸ್‌ಕ್ಯೂಎಲ್ ಟ್ಯಾಬ್‌ಗೆ ಹಾಕಿದರೆ 1064, ಸಿಂಟ್ಯಾಕ್ಸ್ ಎರರ್. ? ಸುತ್ತ ಕೋಟ್ಸ್ ಹಾಕಿದೆ. ಎರರ್ ಹೋಯಿತು, ಆದರೆ ಒಂದು ಸಾಲೂ ಬರಲಿಲ್ಲ.

ಹೆಸರನ್ನೇ ಕೋಟ್ಸ್ ಒಳಗೆ ಟೈಪ್ ಮಾಡಬಹುದು, ಗೊತ್ತು. ಆದರೆ ನಮ್ಮಲ್ಲಿ ಡಿ'ಸೋಜಾ, ಡಿ'ಸಿಲ್ವಾ, ಡಿ'ಮೆಲ್ಲೊ ಮಕ್ಕಳು ಜಾಸ್ತಿ. ನಡುವೆ ಆ ಅಪಾಸ್ಟ್ರಫಿ ಬಂದ ಕೂಡಲೇ ಅದೇ ಮುಚ್ಚುವ ಕೋಟ್ ಅಂತಾಗಿ ಕ್ವೆರಿ ಅಲ್ಲೇ ತುಂಡಾಗುತ್ತದೆ.

ಕೋಡಿಗ:
ಅಪಾಸ್ಟ್ರಫಿಯನ್ನು ಎರಡು ಸಲ ಹಾಕಿ, ಡಿ''ಸೋಜಾ ಅಂತ. ಸದ್ಯಕ್ಕೆ ಕೆಲಸ ನಡೆಯುತ್ತದೆ.

ಡೈರಿ ಲೆಕ್ಕಿಗ:
ಟೀಚರೇ, ? ಅಂದರೆ ಖಾಲಿ ಬಿಟ್ಟ ಜಾಗ. ಅದನ್ನು ತುಂಬುವವರು ಬೇಕು. ಆ ಹುಡುಗನ ಕೋಡ್‌ನಲ್ಲಿ ಕ್ವೆರಿ ಆದ ಮೇಲೆ ಹೆಸರನ್ನು ಬೇರೆಯಾಗಿ ಕೊಡುವ ಸಾಲೊಂದು ಇರುತ್ತದೆ, ನೋಡಿ. ನೀವು ಕಾಪಿ ಮಾಡುವಾಗ ಆ ಸಾಲು ಅಲ್ಲೇ ಉಳಿಯಿತು. ಕೋಟ್ಸ್ ಹಾಕಿದಾಗ ಅದು ಪ್ರಶ್ನೆ ಚಿಹ್ನೆಯೇ ಹೆಸರಾಗಿರುವ ಮಗುವನ್ನು ಹುಡುಕಿತು!

ನಿಮಗೆ ಸುಲಭದ ದಾರಿ ಇದೆ. 4.7 ವರ್ಷನ್‌ನಿಂದ ಎಸ್‌ಕ್ಯೂಎಲ್ ಪೇಜಿನಲ್ಲಿ 'ಬೈಂಡ್ ಪ್ಯಾರಾಮೀಟರ್ಸ್' ಅನ್ನೋ ಟಿಕ್ ಬಾಕ್ಸ್ ಇದೆ. ? ತೆಗೆದು ಅಲ್ಲಿ : ಹಾಕಿ, ಅದಕ್ಕೆ ಅಂಟಿಸಿ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರು ಕೊಡಿ. ಟಿಕ್ ಮಾಡಿದರೆ ಆ ಹೆಸರಿಗೆ ಒಂದು ಪೆಟ್ಟಿಗೆ ಬರುತ್ತದೆ. ಡಿ'ಸೋಜಾ ಅಂತ ಅದರೊಳಗೆ ಹಾಗೇ ಬರೆಯಿರಿ.

ಇನ್ನೊಂದು ದಾರಿ ಮೈಎಸ್‌ಕ್ಯೂಎಲ್‌ನದ್ದೇ: ಪ್ರಿಪೇರ್ (ಕ್ವೆರಿ ಸಿದ್ಧ ಮಾಡುವುದು), ಸೆಟ್ (@ ವೇರಿಯಬಲ್‌ಗೆ ವ್ಯಾಲ್ಯೂ ಕೊಡುವುದು), ಎಕ್ಸಿಕ್ಯೂಟ್ (ಓಡಿಸುವುದು). ಅದರಲ್ಲೂ ಸೆಟ್ ಸಾಲಿನಲ್ಲಿ ಅಪಾಸ್ಟ್ರಫಿ ಎರಡು ಸಲ ಹಾಕಬೇಕು, ಹಾಗಾಗಿ ನಿಮಗೆ ಅದು ಬೇಡ. ಯಾರಾದರೂ ಆ ದಾರಿ ಹಿಡಿದರೆ ಮೂರೂ ಸಾಲನ್ನು ಒಟ್ಟಿಗೆ ಕೊಟ್ಟು ಒಂದೇ ಸಲ 'ಗೋ' ಒತ್ತಿ, ದಯವಿಟ್ಟು. ಸಾಮಾನ್ಯವಾಗಿ ಪ್ರತಿ ಸಲ ಗೋ ಒತ್ತಿದಾಗಲೂ ಹೊಸ ಕನೆಕ್ಷನ್. ಹಿಂದಿನ ಪ್ರಿಪೇರ್ ಅದಕ್ಕೆ ಗೊತ್ತೇ ಇರುವುದಿಲ್ಲ, 1243 ಎರರ್ ಕೊಡುತ್ತದೆ. ಎರರ್ ಬಂದರೆ ಪುಣ್ಯ ಅನ್ನಿ. @ ವೇರಿಯಬಲ್ ಮಾತ್ರ ಸುಮ್ನೆ ನಲ್, ಅಂದರೆ ಖಾಲಿ, ಆಗಿಬಿಡುತ್ತದೆ. ನಾನು ಒಂದು ಸಂಜೆ @ಗೆ ವ್ಯಾಲ್ಯೂ ಕೊಟ್ಟು ಗೋ ಒತ್ತಿದೆ, ಆಮೇಲೆ ಡೇಟಾ ಬದಲಿಸುವ ಅಪ್‌ಡೇಟ್ ಕ್ವೆರಿ ಬರೆದು ಇನ್ನೊಮ್ಮೆ ಒತ್ತಿದೆ. ನಮ್ಮ ಹಾಲಿನ ಸೊಸೈಟಿಯ ಒಂದು ಊರಿನ ಅಷ್ಟೂ ಸದಸ್ಯರ ಬ್ಯಾಂಕ್ ಶಾಖೆಯ ಹೆಸರು ಅಳಿಸಿಹೋಯಿತು. ಹಿಂದಿನ ದಿನದ ಬ್ಯಾಕಪ್ ಇದ್ದದ್ದಕ್ಕೆ ಬದುಕಿದೆ. ಅಪ್‌ಡೇಟ್ ಮಾಡುವ ಮೊದಲು ಅದೇ ವೇರ್ (ಯಾವ ಸಾಲುಗಳು ಅನ್ನುವ ಷರತ್ತು) ಹಾಕಿ ಸೆಲೆಕ್ಟ್ (ಬರೀ ತೋರಿಸುವ ಕ್ವೆರಿ) ಓಡಿಸಿ, ಕೊಡುವ ವ್ಯಾಲ್ಯೂವನ್ನೂ ಕಣ್ಣಾರೆ ನೋಡಿ.

ಲೈಬ್ರರಿ ಟೀಚರ್, ಬಂಟ್ವಾಳ:
ಬಂತು! ಟಿಕ್ ಬಾಕ್ಸ್ ಸಿಕ್ಕಿತು, ಪೆಟ್ಟಿಗೆಯಲ್ಲಿ ಹೆಸರು ಹಾಗೇ ಬರೆದೆ. ತುಂಬಾ ಥ್ಯಾಂಕ್ಸ್ ಸರ್. ಒಂದೇ ಅನುಮಾನ. ರಿಜಿಸ್ಟರ್‌ನಲ್ಲಿ ಡಿ'ಸೋಜಾ ಮಕ್ಕಳು ಒಂಬತ್ತು, ಇಲ್ಲಿ ಏಳೇ ಬರುತ್ತಿವೆ.

ಡೈರಿ ಲೆಕ್ಕಿಗ:
ಆ ಎರಡನ್ನು ಮೊಬೈಲ್‌ನಲ್ಲಿ ಎಂಟ್ರಿ ಮಾಡಿದ್ದೀರಾ? ಕೆಲವು ಸಲ ನೆಟ್ಟಗಿನ ಅಪಾಸ್ಟ್ರಫಿ ಬದಲು ಬಾಗಿದ್ದು (’) ಬಂದಿರುತ್ತದೆ. ನಮಗೆ ಎರಡೂ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ ಅಕ್ಷರ.

ಲೈಬ್ರರಿ ಟೀಚರ್, ಬಂಟ್ವಾಳ:
ಹೌದು ಸರ್, ಅದೇ. ಎರಡನ್ನೂ ತಿದ್ದಿದೆ. ಈಗ ಒಂಬತ್ತು.