ಮಗಳ ಭತ್ಯೆಯನ್ನು ಮೋಟಬಿಲಿಟಿ ಕಾರಿಗೆ ಬಿಟ್ಟುಕೊಡಬಹುದೇ? ಬ್ರಿಟನ್ನಿನ ಕನ್ನಡಿಗರ ಅನುಭವಗಳು

ಪ್ರಶ್ನೆ (ರೆಡಿಂಗ್‌ನಿಂದ): ಒಂಬತ್ತು ವರ್ಷದ ನಮ್ಮ ಮಗಳಿಗೆ ಸೆರೆಬ್ರಲ್ ಪಾಲ್ಸಿ ಇದ್ದು, ಗಾಲಿಕುರ್ಚಿಯಿಲ್ಲದೆ ಓಡಾಟ ಸಾಧ್ಯವಿಲ್ಲ. ಅವಳಿಗೆ ಅಂಗವಿಕಲ ಮಕ್ಕಳಿಗೆ ಸರ್ಕಾರ ಕೊಡುವ ಡಿಎಲ್‌ಎಯ ಓಡಾಟದ ಭತ್ಯೆ ಮೇಲಿನ ದರದಲ್ಲಿ ಮಂಜೂರಾಗಿದೆ. ಆ ಹಣವನ್ನು ವಾರ ವಾರವೂ ಮೋಟಬಿಲಿಟಿ ಯೋಜನೆಗೆ ಬಿಟ್ಟುಕೊಟ್ಟು ಗುತ್ತಿಗೆಯ ಕಾರು ಪಡೆಯುವುದು ಲಾಭವೇ, ಇಲ್ಲವೇ ನಗದಾಗಿ ಪಡೆದು ಹಳೆಯ ಕಾರೊಂದನ್ನು ಕೊಳ್ಳುವುದು ಮೇಲೇ? ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ (ಮಿಲ್ಟನ್ ಕೀನ್ಸ್‌ನ ತಾಯಿ): ನನ್ನ ಮಗನೂ ಗಾಲಿಕುರ್ಚಿಯಲ್ಲೇ ಓಡಾಡುವವನು, ನಮ್ಮದು ಈ ಯೋಜನೆಯ ವಾಹನ. ಲೆಕ್ಕವನ್ನು ಕಾರಿನ ಬೆಲೆಯಿಂದ ಶುರು ಮಾಡಬೇಡಿ, ವಿಮೆಯಿಂದ ಶುರು ಮಾಡಿ. 2025-26ರ ದರದಂತೆ ವಾರಕ್ಕೆ 77.05 ಪೌಂಡ್ ಎಂದರೆ ವರ್ಷಕ್ಕೆ ಸುಮಾರು 4,000, ಮೂರು ವರ್ಷದ ಗುತ್ತಿಗೆಗೆ ಸುಮಾರು 12,000 ಪೌಂಡ್ ಆಗುತ್ತದೆ. ಇಷ್ಟು ಕೊಟ್ಟರೂ ಕೊನೆಗೆ ಕಾರು ನಮ್ಮದಾಗುವುದಿಲ್ಲ ಎಂದಾಗ ಯಾರಿಗಾದರೂ ಮನಸ್ಸು ಹಿಂಜರಿಯುತ್ತದೆ. ಆದರೆ ವಿಮೆ, ಸರ್ವಿಸ್, ರಿಪೇರಿ, ಟೈರು, ದಾರಿಯಲ್ಲಿ ಕೆಟ್ಟು ನಿಂತರೆ ಸಿಗುವ ನೆರವು ಎಲ್ಲವೂ ಅದರಲ್ಲೇ ಸೇರಿರುತ್ತವೆ. ಬೆಂಗಳೂರಿನಲ್ಲಿ ಎಷ್ಟೇ ವರ್ಷ ಕಾರು ಓಡಿಸಿದ್ದರೂ, ಇಲ್ಲಿನ ಲೈಸೆನ್ಸ್ ಹೊಸದಾಗಿದ್ದರೆ ವಿಮಾ ಕಂಪನಿಗಳು ಸಾಮಾನ್ಯವಾಗಿ ದೊಡ್ಡ ಕಂತನ್ನೇ ಕೇಳುತ್ತವೆ. ನೀವಿಬ್ಬರೂ ಚಾಲಕರಾಗುವುದಾದರೆ, ಹೊರಗೆ ಆ ವಿಮೆಗೆ ಎಷ್ಟಾಗುತ್ತದೆಂದು ಮೊದಲು ವಿಚಾರಿಸಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನಿಮ್ಮ ವಿಷಯದಲ್ಲಿ ಇನ್ನೂ ದೊಡ್ಡ ಪ್ರಶ್ನೆಯೆಂದರೆ ಮಗಳು ವಾಹನ ಏರುವ ಬಗೆ. ಈಗ ಅವಳನ್ನು ಎತ್ತಿ ಸೀಟಿನಲ್ಲಿ ಕೂರಿಸುತ್ತಿದ್ದೀರೇನೋ. ಅವಳು ಬೆಳೆದಂತೆ ನಿಮ್ಮ ಬೆನ್ನು ಅದನ್ನು ತಾಳುವುದಿಲ್ಲ. ಕುರ್ಚಿಯ ಸಮೇತ ಒಳಗೆ ತಳ್ಳಿಕೊಂಡು ಹೋಗುವಂತೆ ಮಾರ್ಪಡಿಸಿದ, ಇಲ್ಲಿ ಎಲ್ಲರೂ ವಾವ್ ಎಂದು ಕರೆಯುವ ವಾಹನಕ್ಕೆ ಗುತ್ತಿಗೆಯ ಅವಧಿ ಐದು ವರ್ಷ. ವಾರದ ಭತ್ಯೆಯ ಜೊತೆಗೆ ಮುಂಗಡವನ್ನೂ ಕಟ್ಟಬೇಕಾಗಬಹುದು, ಅದು ಸಾವಿರಾರು ಪೌಂಡ್‌ಗೆ ಏರುವುದೂ ಉಂಟು. ಅಷ್ಟು ಶಕ್ತಿಯಿಲ್ಲದವರು ಮೋಟಬಿಲಿಟಿ ಫೌಂಡೇಶನ್ನಿನ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಇದು ಭಿಕ್ಷೆಯಲ್ಲ, ಸಂಕೋಚ ಬೇಡ.

ವಾಹನ ನೋಡಲು ಹೋಗುವ ಮುನ್ನ ಮಗಳನ್ನು ಕುರ್ಚಿಯಲ್ಲಿ ಕೂರಿಸಿ ನೆಲದಿಂದ ನೆತ್ತಿಯವರೆಗೆ ಅಳೆದುಕೊಳ್ಳಿ. ಹಿಂಬಾಗಿಲಿನ ಚೌಕಟ್ಟಿನ ಕೆಳಗೆ ಅವಳ ತಲೆ ಇಂದು ಸಲೀಸಾಗಿ ದಾಟಿದರೆ ಸಾಲದು, ಐದನೆಯ ವರ್ಷದಲ್ಲೂ ದಾಟಬೇಕು. ಇಳಿಜಾರು ಹಲಗೆಯ ಮೇಲೆ ಕುರ್ಚಿಯನ್ನು ತಳ್ಳುವುದನ್ನೂ, ನೆಲದ ಕೊಕ್ಕೆಗಳಿಗೆ ನಾಲ್ಕು ಪಟ್ಟಿಗಳನ್ನು ಬಿಗಿಯುವುದನ್ನೂ ಮಾರಾಟದವರಿಗೆ ಬಿಡದೆ ನೀವೇ ಮಾಡಿ ನೋಡಿ. ಮುಂದಿನ ಪಟ್ಟಿಯನ್ನು ಸಿಕ್ಕಿಸಲು ಪ್ರತಿ ಸಲವೂ ಮಂಡಿಯೂರಬೇಕೇ, ಕೂತ ಜಾಗದಿಂದ ಅವಳಿಗೆ ಕಿಟಕಿಯ ಹೊರಗೆ ಕಾಣುತ್ತದೆಯೇ ಎಂಬುದು ಬಣ್ಣಬಣ್ಣದ ಕೈಪಿಡಿಯಲ್ಲಿ ಇರುವುದಿಲ್ಲ. ನನ್ನ ಮಗನಿಗಂತೂ ಆ ಕಿಟಕಿಯೇ ಮುಖ್ಯ.

ಉತ್ತರ (ಲೆಸ್ಟರ್‌ನಿಂದ): ನನಗೆ ಬಾಲ್ಯದಲ್ಲೇ ಪೋಲಿಯೊ ಆಗಿತ್ತು, ಊರಿನಲ್ಲಿ ಪಕ್ಕಚಕ್ರ ಜೋಡಿಸಿದ ಸ್ಕೂಟರ್ ಓಡಿಸುತ್ತಿದ್ದೆ. ಇಲ್ಲಿ ಆಟೊಮ್ಯಾಟಿಕ್ ಕಾರಿಗೆ ಕೈಯಿಂದಲೇ ವೇಗ ಮತ್ತು ಬ್ರೇಕ್ ನಿಭಾಯಿಸುವ ಸನ್ನೆಕೋಲನ್ನು ಹಾಕಿಸಿಕೊಂಡೆ. ಇಂಥ ಅನೇಕ ಮಾರ್ಪಾಡುಗಳನ್ನು ಗುತ್ತಿಗೆಯ ಆರಂಭದಲ್ಲೇ ಕೇಳಿಕೊಂಡರೆ ಹೆಚ್ಚುವರಿ ಹಣವಿಲ್ಲದೆ ಅಳವಡಿಸುತ್ತಾರೆ. ತಾವೇ ಓಡಿಸುವ ಅಂಗವಿಕಲರಿಗೆ ಯೋಜನೆ ಖಂಡಿತ ಲಾಭ ಎನ್ನುತ್ತೇನೆ.

ಉತ್ತರ (ಹ್ಯಾರೋದಿಂದ): ನಾನು ಗುತ್ತಿಗೆ ಮುಗಿಸಿ ನಗದಿಗೆ ಮರಳಿದವನು. ನನ್ನ ಹೆಂಡತಿ ಗಾಲಿಕುರ್ಚಿ ಬಳಸುವುದಿಲ್ಲ, ನಮ್ಮ ಓಡಾಟವೂ ಕಡಿಮೆ, ವಿಮೆಯ ಇತಿಹಾಸ ಚೆನ್ನಾಗಿತ್ತು. ಹೀಗಿರುವಾಗ ಮನೆಯ ಮುಂದೆ ನಿಂತೇ ಇರುವ ಕಾರಿಗೆ ವರ್ಷಕ್ಕೆ 4,000 ಪೌಂಡ್ ಕೊಡುವುದು ಸರಿಯೆನಿಸಲಿಲ್ಲ. ಯೋಜನೆ ಬಿಟ್ಟರೆ ಅಂಗವಿಕಲರ ಪಾರ್ಕಿಂಗ್ ಪರವಾನಗಿಯಾದ ಬ್ಲೂ ಬ್ಯಾಡ್ಜ್ ಹೋಗುತ್ತದೆಂದು ಹಲವರು ತಿಳಿದಿದ್ದಾರೆ, ಅವೆರಡಕ್ಕೂ ಸಂಬಂಧವಿಲ್ಲ. ಮೇಲಿನ ದರದ ಭತ್ಯೆ ಇರುವವರಿಗಾಗಿ ಬಳಸುವ ಸ್ವಂತ ಕಾರಿಗೂ ರಸ್ತೆ ತೆರಿಗೆಯ ವಿನಾಯಿತಿ ಕೇಳಬಹುದು. ಆದರೆ ರೆಡಿಂಗ್‌ನವರ ಮಗಳಿಗೆ ವಾವ್ ಬೇಕಾದರೆ ನನ್ನ ಲೆಕ್ಕ ಅವರಿಗೆ ಹೊಂದುವುದಿಲ್ಲ, ಮಿಲ್ಟನ್ ಕೀನ್ಸ್‌ನವರ ಮಾತೇ ಸರಿ.

ರೆಡಿಂಗ್‌ನವರೇ, ಸಹಿ ಹಾಕುವ ಮುನ್ನ ಎರಡು ದಿನಾಂಕಗಳನ್ನು ಗಮನಿಸಿ. ಕಾರು ಪಡೆಯುವಾಗ ಭತ್ಯೆಯ ಮಂಜೂರಾತಿ ಸಾಮಾನ್ಯವಾಗಿ ಇನ್ನೂ ಕನಿಷ್ಠ 12 ತಿಂಗಳು ಉಳಿದಿರಬೇಕು, ನಡುವೆ ಭತ್ಯೆ ನಿಂತರೆ ಕಾರನ್ನು ಹಿಂದಿರುಗಿಸಬೇಕು. ಇಂಗ್ಲೆಂಡಿನಲ್ಲಿ 16 ತುಂಬಿದ ಮಕ್ಕಳು ಡಿಎಲ್‌ಎಯಿಂದ ದೊಡ್ಡವರ ಅಂಗವಿಕಲ ಭತ್ಯೆಯಾದ ಪಿಐಪಿಗೆ ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ. ನಿಮ್ಮ ಮಗಳಿಗೆ ಈಗ ಒಂಬತ್ತಾದ್ದರಿಂದ ಐದು ವರ್ಷದ ಗುತ್ತಿಗೆ ಅದಕ್ಕೆ ಮೊದಲೇ ಮುಗಿಯುತ್ತದೆ. ಇನ್ನೊಂದು, 2025ರ ನವೆಂಬರ್ ಬಜೆಟ್ಟಿನಂತೆ 2026ರ ಜುಲೈನಿಂದ ಹೊಸ ಗುತ್ತಿಗೆಗಳ ಮುಂಗಡಕ್ಕೆ ವ್ಯಾಟ್ ಸೇರುತ್ತದೆ, ವಿಮೆಗೂ ತೆರಿಗೆ ಬೀಳುತ್ತದೆ. ಗಾಲಿಕುರ್ಚಿಗೆಂದೇ ಮಾರ್ಪಡಿಸಿದ ವಾಹನಗಳನ್ನು ಇದರಿಂದ ಹೊರಗಿಟ್ಟಿದ್ದಾರೆ.