ಅಪ್‌ಡೇಟ್: ಚಟ್ನಿಪುಡಿಯ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಸಲ್ಲಿಸಿದ್ದೇವೆ

ನಮ್ಮ ಮನೆಯಲ್ಲಿ ತಯಾರಿಸುವ ಚಟ್ನಿಪುಡಿಯ ಹೆಸರಿಗೆ ಪೇಟೆಂಟ್ ಮಾಡಿಸಿಕೊಡುವುದಾಗಿ ಮಧ್ಯವರ್ತಿಯೊಬ್ಬರು ದೊಡ್ಡ ಮೊತ್ತ ಕೇಳಿದ್ದಾರೆ, ಕೊಡಬಹುದೇ ಎಂದು ಮೂರು ತಿಂಗಳ ಹಿಂದೆ ಕೇಳಿದ್ದೆ. ಪೇಟೆಂಟ್ ಸಿಗುವುದು ಹೊಸ ಆವಿಷ್ಕಾರಕ್ಕೆ, ಹೆಸರಿಗೆ ಸಿಗುವುದು ಟ್ರೇಡ್‌ಮಾರ್ಕ್ ಎಂದು ತಿಳಿಸಿದವರಿಗೆಲ್ಲ ಹೃತ್ಪೂರ್ವಕ ಧನ್ಯವಾದಗಳು.

ನಮ್ಮ ಹೆಸರನ್ನು ಬೇರೆ ಯಾರಾದರೂ ಈಗಾಗಲೇ ಪಡೆದಿದ್ದಾರೆಯೇ ಎಂದು ಮೊದಲು ಸರ್ಕಾರದ ಐಪಿ ಇಂಡಿಯಾ ಜಾಲತಾಣದಲ್ಲಿ ಉಚಿತವಾಗಿ ಹುಡುಕಿದೆವು. ಅಕ್ಷರಶಃ ಹುಡುಕಿದಾಗ ಏನೂ ಸಿಗಲಿಲ್ಲವಾದರೂ, ಉಚ್ಚಾರಣೆಯ ಆಧಾರದ ಹುಡುಕಾಟದಲ್ಲಿ, ಮಸಾಲೆ ಪದಾರ್ಥಗಳು ಸೇರುವ 30ನೇ ವರ್ಗದಲ್ಲಿಯೇ, ಕಾಗುಣಿತ ಬೇರೆಯಾಗಿದ್ದು ಕಿವಿಗೆ ಒಂದೇ ಎನಿಸುವ ಹೆಸರೊಂದು ಕಂಡಿತು. ಆ ಸಂಜೆ ಅಮ್ಮನಿಗೆ ಬಹಳ ಬೇಸರವಾಯಿತು. ಕೊನೆಗೆ ನಮ್ಮ ಇನ್ನೊಂದು ಹೆಸರನ್ನು, ಅಂದರೆ 2019ರಿಂದ ಸಣ್ಣ ಪೊಟ್ಟಣಗಳ ಮೇಲೆ ಹಾಕುತ್ತಿದ್ದುದನ್ನು ಆರಿಸಿದೆವು. ಅಂದಿನಿಂದಲೂ ಬಳಕೆಯಲ್ಲಿದೆ ಎಂದು ಹೇಳಲು ಅಫಿಡವಿಟ್ ಮತ್ತು ದಾಖಲೆ ಬೇಕಾದ್ದರಿಂದ, ಅರಿಶಿನದ ಕಲೆ ಹತ್ತಿದ ಹಳೆಯ ಬಿಲ್ ಪುಸ್ತಕವನ್ನೇ ಸ್ಕ್ಯಾನ್ ಮಾಡಿ ಲಗತ್ತಿಸಿದೆವು.

ಟ್ರೇಡ್‌ಮಾರ್ಕ್ ನೋಂದಣಿಯ ಅರ್ಜಿಯನ್ನು (ಟಿಎಂ-ಎ) ಆನ್‌ಲೈನ್‌ನಲ್ಲಿ ಸಲ್ಲಿಸಲು ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ, ಇತರರಿಗೆ 9,000. ಕರ್ನಾಟಕದ ಅರ್ಜಿಗಳು ಚೆನ್ನೈನ ಟ್ರೇಡ್‌ಮಾರ್ಕ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

ಲೇಬಲ್‌ನ ಚಿತ್ರಕ್ಕೆ ಕೃತಿಸ್ವಾಮ್ಯ (ಕಾಪಿರೈಟ್) ಅದರ ರಚನೆಯೊಂದಿಗೇ ಹುಟ್ಟುತ್ತದೆ. ಸರಕಿನ ಮೇಲೆ ಬಳಸುವ ಚಿತ್ರವನ್ನು ನೋಂದಾಯಿಸಲು ಟ್ರೇಡ್‌ಮಾರ್ಕ್ ಕಚೇರಿಯ ಪ್ರಮಾಣಪತ್ರವೂ ಬೇಕಾಗುವುದರಿಂದ ಅದನ್ನು ಸದ್ಯಕ್ಕೆ ಮುಂದೂಡಿದ್ದೇವೆ. ಪಾಕವಿಧಾನವನ್ನು ಮಾತ್ರ ಎಲ್ಲಿಯೂ ಬರೆದುಕೊಟ್ಟಿಲ್ಲ.

ಈಗ ಕಚೇರಿಯವರು ಅರ್ಜಿಯನ್ನು ಪರಿಶೀಲಿಸಿ ಕೊಡುವ ಪರೀಕ್ಷಾ ವರದಿಗೆ ಕಾಯುತ್ತಿದ್ದೇವೆ. ಅದರಲ್ಲಿ ಆಕ್ಷೇಪ ಬಂದರೆ ಒಂದು ತಿಂಗಳೊಳಗೆ ಉತ್ತರಿಸಬೇಕು. ಕಚೇರಿಯ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಹೆಸರು ಪ್ರಕಟವಾದ ಮೇಲೆ ವಿರೋಧ ಸಲ್ಲಿಸಲು ಇತರರಿಗೆ ನಾಲ್ಕು ತಿಂಗಳ ಅವಕಾಶವಿರುತ್ತದೆ. ವರದಿ ಬಂದ ಕೂಡಲೇ ಇಲ್ಲಿ ತಿಳಿಸುತ್ತೇನೆ.